ಗುಡುಗು ಎದ್ದದ್ದು ಎಷ್ಟಕ್ಕೆ?

ಹೆಂಡತಿಯ ತಮ್ಮ ಹಲ್ಲಿನ ಡಾಕ್ಟರಾಗಿರಬಾರದು. ಆಗಿದ್ದರೂ ಭಾನುವಾರ ಅವನಿಗೆ ರಜೆ ಇರಬಾರದು. ರಜೆ ಇದ್ದರೂ ಅವನಿಗೆ ಬಾಕ್ಸಿಂಗ್ ವಿಷಯ ಗೊತ್ತಿರಬಾರದು. ಈ ಮೂರೂ ಒಟ್ಟಿಗೆ ಕೂಡಿಬಂದ ನತದೃಷ್ಟ ಭಾವ ಈ ಭೂಮಂಡಲದಲ್ಲಿ ನಾನೊಬ್ಬನೇ ಇರಬೇಕು.

ನಾನು ಗಡಿಯಾರ ರಿಪೇರಿ ಮಾಡುವವನು. ನಮ್ಮಪ್ಪನೂ ಅದೇ. ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ, ಛತ್ರಿ ರಿಪೇರಿಯವನಿಗೂ ಔಷಧಿ ಅಂಗಡಿಗೂ ನಡುವೆ, ಒಬ್ಬ ಕೂತರೆ ಇನ್ನೊಬ್ಬ ನಿಂತೇ ಇರಬೇಕಾದಷ್ಟು ಅಗಲದ ಅಂಗಡಿ ನಮ್ಮದು. ಊರಿನ ಅರ್ಧ ಜನ ನಮ್ಮ ಅಂಗಡಿಯ ಗಡಿಯಾರ ನೋಡಿ ತಮ್ಮ ವಾಚು ಸರಿ ಮಾಡಿಕೊಳ್ಳುತ್ತಾರೆ. ಐವತ್ತು ವರ್ಷದಲ್ಲಿ ಒಬ್ಬರಿಗೂ ಒಂದು ನಿಮಿಷ ತಪ್ಪು ಹೇಳಿದವರಲ್ಲ ನಾವು. (ರಿಪೇರಿ ಮುಗಿಯುವ ದಿನವನ್ನು ಮಾತ್ರ ತಪ್ಪು ಹೇಳಿದ್ದೇವೆ. ಅದು ಬೇರೆ ವಿಷಯ.)

ನಮ್ಮ ಮನೆಯ ಹಾಲಿನಲ್ಲಿ, ಬಾಗಿಲು ತೆಗೆದ ಕೂಡಲೇ ಕಣ್ಣಿಗೆ ಬೀಳುವ ಗೋಡೆಯ ಮೇಲೆ, ಮೂರಡಿ ಎತ್ತರದ ಒಂದು ಕಪ್ಪು ಬಿಳುಪು ಪಟ ಇತ್ತು. ಎರಡೂ ಕೈಯಲ್ಲಿ ಗ್ಲೌಸು, ಮೈಯೆಲ್ಲ ಬೆವರು, ಒಂದು ಕಣ್ಣು ಊದಿ ಮುಚ್ಚಿಹೋಗಿದೆ, ಇನ್ನೊಂದು ಕಣ್ಣಿನಿಂದ ನೋಡುವವರನ್ನೆಲ್ಲ ದುರುಗುಟ್ಟಿ ನೋಡುತ್ತಿದ್ದಾನೆ. ಅವನೇ ನಮ್ಮ ಹೆವಿವೇಯ್ಟ್ ಚಾಂಪಿಯನ್. ಜನ ಅವನನ್ನು ಕರೆಯುತ್ತಿದ್ದದ್ದು ‘ಗುಡುಗು’ ಎಂದು. ಮೊದಲ ಸಲ ಮನೆಗೆ ಬಂದವರು ಗೌರವದಿಂದ, “ನಿಮ್ಮ ತಂದೆಯವರಾ?” ಎಂದು ಕೇಳುವುದುಂಟು. ನಾನು ಬಾಯಿ ಬಿಡುವ ಮೊದಲೇ ನನ್ನ ಹೆಂಡತಿ, “ಅಲ್ಲ, ನನ್ನ ಸವತಿ” ಎಂದು ಹೇಳಿ ಚಹಾ ತರಲು ಒಳಗೆ ಹೋಗುತ್ತಿದ್ದಳು.

ಅವಳ ಸಿಟ್ಟಿಗೆ ಕಾರಣವಿತ್ತು. ನನ್ನ ಹೆಂಡತಿ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಇಪ್ಪತ್ತೆರಡು ವರ್ಷ ಆಪರೇಟರ್ ಆಗಿದ್ದವಳು. ಪರ ಊರಿಗೆ ಮಾತಾಡುವವರಿಗೆ ಲೈನು ಕೊಡುವುದು, ಮೂರು ನಿಮಿಷ ಆದ ಕೂಡಲೇ ನಡುವೆ ಬಾಯಿ ಹಾಕಿ, “ಮೂರು ನಿಮಿಷ ಆಯ್ತು” ಎನ್ನುವುದು ಅವಳ ಉದ್ಯೋಗ. ಅವಳು ಕೆಲಸ ಬಿಟ್ಟ ದಿನ ಜೊತೆಯ ಆಪರೇಟರುಗಳೆಲ್ಲ ಸೇರಿ ಒಂದು ದೊಡ್ಡ ಗೋಡೆ ಗಡಿಯಾರ ಕೊಟ್ಟಿದ್ದರು. ಅದನ್ನು ತೂಗುಹಾಕಲು ಸರಿಯಾದ ಜಾಗ ಒಂದೇ, ಆ ಜಾಗದಲ್ಲಿ ಗುಡುಗು. ಹಾಗಾಗಿ ಗಡಿಯಾರ ಆರು ವರ್ಷದಿಂದ ಮಂಚದ ಕೆಳಗೆ ಡಬ್ಬಿಯಲ್ಲೇ ಮಲಗಿತ್ತು. ಕೇಳಿದಾಗಲೆಲ್ಲ ನಾನು, “ಇವಳೇ, ದಿನವಿಡೀ ಗಡಿಯಾರದ ಮುಖವನ್ನೇ ನೋಡ್ತೀನಿ, ಮನೇಲಾದ್ರೂ ಕಣ್ಣಿಗೆ ವಿಶ್ರಾಂತಿ ಬೇಡ್ವಾ?” ಎನ್ನುತ್ತಿದ್ದೆ. ಅವಳು, “ಅದಕ್ಕೆ ಒಂದು ಕಣ್ಣು ಊದಿದವನ ಮುಖ ನೋಡಬೇಕಾ?” ಎನ್ನುತ್ತಿದ್ದಳು.

ಇನ್ನು ಆ ಭಾಮೈದ. ಪ್ರತಿ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಬರುತ್ತಾನೆ, ಅಕ್ಕನ ಕೈಯ ಚಹಾ ಕುಡಿಯುತ್ತಾನೆ, ಪಟದ ಕಡೆ ಗದ್ದ ಎತ್ತಿ ತೋರಿಸಿ, “ಏನೇ ಹೇಳಿ ಭಾವ, ಇವನಿಗೆ ಸಿಕ್ಕಷ್ಟು ಹೆಸರು ಇವನ ಯೋಗ್ಯತೆಗೆ ಜಾಸ್ತಿ” ಎಂದು ಶುರು ಮಾಡುತ್ತಾನೆ. ಹತ್ತೊಂಬತ್ತು ವರ್ಷದಿಂದ ಇದೇ ಮಾತು. ಮಳೆ ಬಿಸಿಲು ಎನ್ನದೆ, ಒಂದು ಭಾನುವಾರವೂ ಬಿಡದೆ, ಕಾಲು ಕೆರೆದು ನಾವಿಬ್ಬರೂ ಈ ಜಗಳ ಆಡುತ್ತ ಬಂದಿದ್ದೇವೆ.

“ನಲವತ್ತೊಂದು ಪಂದ್ಯದಲ್ಲಿ ಮೂವತ್ತೆಂಟು ಗೆದ್ದವನು!” ಎನ್ನುತ್ತೇನೆ ನಾನು.

“ಯಾರನ್ನ ಗೆದ್ದ? ಅದನ್ನ ಹೇಳಿ. ಸೋತವರ ಫೋಟೋ ಎಲ್ಲಾ ನೋಡಿದೀನಿ ನಾನು. ಬಾಯಿ ತೆಗೆದು ಬಿದ್ದಿರ್ತಾರಲ್ಲ, ಹಲ್ಲು ಚೆನ್ನಾಗಿ ಕಾಣುತ್ತೆ. ಒಬ್ಬನಿಗಾದ್ರೂ ಮೂವತ್ತೈದಕ್ಕಿಂತ ಕಮ್ಮಿ ವಯಸ್ಸಿಲ್ಲ. ಒಸಡು ಎಲ್ಲಾ ಮೇಲೆ ಹೋಗಿದೆ. ಇವನು ಹೊಡೆಯದೆ ಇದ್ರೂ ಆರು ತಿಂಗಳಲ್ಲಿ ಆ ಹಲ್ಲು ತಾನಾಗೇ ಬೀಳ್ತಿತ್ತು.”

“ಮನುಷ್ಯನ ಪರಾಕ್ರಮವನ್ನ ಒಸಡಲ್ಲಿ ಅಳೀತೀಯೇನೋ?”

“ಕುದುರೆ ಕೊಳ್ಳೋರು ಮತ್ತೇನು ನೋಡ್ತಾರೆ? ಮತ್ತೆ, ಆ ಎಡಗೈ ಬಾಕ್ಸರ್ ಹುಡುಗ ನಾಲ್ಕು ವರ್ಷ ‘ಪಂದ್ಯಕ್ಕೆ ಬಾ, ಬಾ’ ಅಂತ ಕರೆದ. ನಿಮ್ಮ ಗುಡುಗು ಹೋದನಾ? ಇಲ್ಲ. ಬೆನ್ನು ನೋವು ಅಂದ.”

“ಬೆನ್ನು ನೋವು ಬರಬಾರ್ದಾ?”

“ನಾಲ್ಕು ವರ್ಷ?”

ಇಲ್ಲಿಗೆ ಸಾಮಾನ್ಯವಾಗಿ ನಾನು ನನ್ನ ಬ್ರಹ್ಮಾಸ್ತ್ರ ತೆಗೆಯುತ್ತಿದ್ದೆ. ಅದೇ ‘ಬಂಡೆ’ಯ ಜೊತೆಗಿನ ಪಂದ್ಯ. ಬಂದರಿನಲ್ಲಿ ಮೂಟೆ ಹೊತ್ತು ಬೆಳೆದ ಆ ದೈತ್ಯ ಏಳನೇ ಸುತ್ತಿನಲ್ಲಿ ಗುಡುಗಿನ ಗಲ್ಲಕ್ಕೆ ಒಂದು ಕೊಟ್ಟ. ಗುಡುಗು ಅಂಗಾತ ಬಿದ್ದ. ರೆಫ್ರಿ ಎಣಿಸಲು ಶುರು ಮಾಡಿದ. ಹತ್ತು ಎಂದರೆ ಎಲ್ಲ ಮುಗಿಯಿತು. ಎಂಟು ಆದರೂ ಮಿಸುಕಾಟವಿಲ್ಲ. ಒಂಬತ್ತು ಎನ್ನುವಾಗ ಎದ್ದು ನಿಂತ! ಅಷ್ಟೇ ಅಲ್ಲ, ಮುಂದೆ ಒಂಬತ್ತನೇ ಸುತ್ತಿನಲ್ಲಿ ಅದೇ ಬಂಡೆಯನ್ನು ಮಲಗಿಸಿದ. ಅವನಿಗೆ ಹೆಸರು ಬಂದದ್ದೇ ಆ ಒಂಬತ್ತರಿಂದ.

ಆ ಒಂಬತ್ತು ನನಗೆ ಬೇರೆಯ ಕಾರಣಕ್ಕೂ ಬೇಕಾದದ್ದು. ಆಗ ನನಗೆ ಹನ್ನೊಂದು ವರ್ಷ. ನಾನೂ ನಮ್ಮಪ್ಪನೂ ಅಂಗಡಿಯ ಬಾಗಿಲು ಅರ್ಧ ಎಳೆದುಕೊಂಡು ರೇಡಿಯೋದಲ್ಲಿ ಪಂದ್ಯದ ವಿವರಣೆ ಕೇಳುತ್ತಿದ್ದೆವು. ಗುಡುಗು ಬಿದ್ದ ಎಂದ ಕೂಡಲೇ ಅಪ್ಪ ಜೇಬಿನಿಂದ ಮುಚ್ಚಳದ ಗಡಿಯಾರ ತೆಗೆದು ಹಿಡಿದುಕೊಂಡ. ನಾನು ಅಳುವುದಕ್ಕೆ ಸಿದ್ಧನಾಗಿದ್ದೆ. ಎದ್ದ ಎಂದದ್ದೇ ತಡ, ಅಪ್ಪ ಮುಚ್ಚಳ ಟಪ್ಪೆಂದು ಮುಚ್ಚಿ, “ಒಂಬತ್ತು, ಸರಿಯಾಗಿ ಒಂಬತ್ತು!” ಎಂದು ನನ್ನನ್ನು ಎತ್ತಿ ಕೆಲಸದ ಮೇಜಿನ ಮೇಲೆ ಕೂರಿಸಿದ. ಯಾರೂ ಕೈ ಇಡಬಾರದ ಮೇಜು ಅದು. ಅಪ್ಪ ಮಕ್ಕಳನ್ನು ಎತ್ತಿ ಮುದ್ದಾಡುವ ಜಾತಿಯ ಮನುಷ್ಯನೇ ಅಲ್ಲ. ನನಗೆ ನೆನಪಿರುವ ಮಟ್ಟಿಗೆ ಎತ್ತಿದ್ದು ಅದೊಂದೇ ಸಲ. ಆಮೇಲೆ ಆ ಪಟ ಕೊಂಡುತಂದದ್ದೂ ಅವನೇ. ಹಾಗಿರುವಾಗ ಪಟ ಇಳಿಸು ಎಂದರೆ ನನಗೆ ಹೇಗಾಗಬೇಡ?

ಆದರೆ ಆ ಭಾನುವಾರ ಭಾಮೈದ ಬಂದದ್ದು ಬರಿಗೈಯಲ್ಲಿ ಅಲ್ಲ. ಕಂಕುಳಲ್ಲಿ ಒಂದು ದೊಡ್ಡ ಪೆಟ್ಟಿಗೆ, ಕೈಯಲ್ಲಿ ಬಿಸ್ಕತ್ತಿನ ಡಬ್ಬಿಯಂಥ ಒಂದು ತಗಡಿನ ಡಬ್ಬಿ. ಮುಖದಲ್ಲಿ, ಯಾರದೋ ಬುದ್ಧಿಹಲ್ಲು ಒಂದೇ ಎಳೆತಕ್ಕೆ ಕಿತ್ತ ದಿನದ ನಗು.

“ಭಾವ, ಫೋಟೋ ಸ್ಟುಡಿಯೋ ತಾತನಿಗೆ ಹೊಸ ಹಲ್ಲಿನ ಸೆಟ್ಟು ಮಾಡಿಕೊಟ್ಟೆ. ಗಟ್ಟಿ ಬ್ರೆಡ್ಡು ಕಚ್ಚಿ ತಿಂದೆ ಅಂತ ಖುಷಿಯಾಗಿ ಇದನ್ನ ಕೊಟ್ಟಿದಾರೆ. ಪ್ರೊಜೆಕ್ಟರ್ರು. ಒಂದು ರೀಲು. ಏನಿದೆ ಹೇಳಿ ಅದ್ರಲ್ಲಿ?”

“ಏನು?”

“ಏಳನೇ ಸುತ್ತು.”

ಅಷ್ಟು ವರ್ಷ ಮನಸ್ಸಿನಲ್ಲೇ ನೋಡಿದ್ದನ್ನು ಕಣ್ಣಾರೆ ನೋಡುವ ಆಸೆ ಒಂದು ಕಡೆ, ಈ ಡಾಕ್ಟರನ ನಗು ಇನ್ನೊಂದು ಕಡೆ.

“ಧ್ವನಿ ಇಲ್ಲ, ಆದ್ರೆ ಸುತ್ತು ಪೂರ್ತಿ ಇದೆಯಂತೆ. ಇಬ್ಬರೂ ಅವರವರ ಮೂಲೆಯ ಕುರ್ಚಿಯಿಂದ ಎದ್ದಾಗಿನಿಂದ ಮತ್ತೆ ಕುರ್ಚಿಗೆ ಹೋಗೋತನಕ, ಎಲ್ಲೂ ಕತ್ತರಿ ಹಾಕಿಲ್ಲ. ರೆಫ್ರಿ ಎಷ್ಟು ನಿಧಾನಕ್ಕೆ ಎಣಿಸಿದಾನೆ ಅಂತ ಇವತ್ತು ಅಳೆದುಬಿಡೋಣ. ನಿಮ್ಮ ಹತ್ರಾನೇ ಸ್ಟಾಪ್‌ವಾಚ್ ಇದೆಯಲ್ಲ. ಹತ್ತು ಸೆಕೆಂಡು ದಾಟಿದ್ರೆ ಈ ಪಟ ಇಳೀಬೇಕು.”

“ದಾಟದಿದ್ರೆ?” ಎಂದೆ ನಾನು, ಮೈಮೇಲಿನ ಪರಿವೆ ಇಲ್ಲದೆ. “ದಾಟದಿದ್ರೆ ನೀನು ಪಟದ ಮುಂದೆ ಕೈಕಟ್ಟಿ ನಿಂತು, ‘ಗುಡುಗಪ್ಪಾ, ಹತ್ತೊಂಬತ್ತು ವರ್ಷ ಬಾಯಿಗೆ ಬಂದ ಹಾಗೆ ಮಾತಾಡಿದೆ, ತಪ್ಪಾಯ್ತು’ ಅನ್ನಬೇಕು.”

“ಆಗಲಿ.”

“ಆಗಲಿ.”

“ನಾನು ಸಾಕ್ಷಿ,” ಎಂದಳು ಹೆಂಡತಿ ಅಡುಗೆಮನೆ ಬಾಗಿಲಿನಿಂದ. ಹತ್ತೊಂಬತ್ತು ವರ್ಷದಲ್ಲಿ ಈ ಚರ್ಚೆಗೆ ಅವಳು ತಲೆ ಹಾಕಿದ್ದು ಅದೇ ಮೊದಲು. ಅವಳ ಕಣ್ಣು ಮಂಚದ ಕಡೆಗೆ, ಅಂದರೆ ಮಂಚದ ಕೆಳಗಿನ ಡಬ್ಬಿಯ ಕಡೆಗೆ ಹೋದದ್ದನ್ನು ನಾನು ನೋಡಿದೆ.

ಕಿಟಕಿಗಳಿಗೆ ಕಂಬಳಿ ಕಟ್ಟಿ ಕತ್ತಲು ಮಾಡಿದೆವು. ಬಿಳಿ ಹೊದಿಕೆ ಇಳಿಬಿಡಲು ಖಾಲಿ ಗೋಡೆ ಬೇರೆ ಇರಲಿಲ್ಲ, ಪಟದ ಮೇಲೆಯೇ ಇಳಿಬಿಟ್ಟೆವು. ಹೀಗಾಗಿ ನಮ್ಮ ಚಾಂಪಿಯನ್ನು ತನ್ನ ಪಟದ ಮೇಲೆಯೇ ತಾನು ಬೀಳಬೇಕಾಯಿತು.

ಪ್ರೊಜೆಕ್ಟರು ಕರಕರ ಎಂದು ತಿರುಗಿತು. ಗುಡುಗು ಬಂದ! ಹೊದಿಕೆಯ ಸುಕ್ಕಿನಲ್ಲಿ ಸ್ವಲ್ಪ ಸೊಟ್ಟಗಿದ್ದ, ಆದರೂ ಅವನೇ. ಬಂಡೆಯ ಹೊಡೆತ ಬಿತ್ತು. ಗುಡುಗಿನ ಬೆನ್ನು ನೆಲ ಮುಟ್ಟಿದ ಕೂಡಲೇ ಸ್ಟಾಪ್‌ವಾಚ್ ಒತ್ತಿದೆ. ಆ ರೆಫ್ರಿ ಎಂಬ ಮಹಾನುಭಾವ ಮೊದಲು ಬಂಡೆಯನ್ನು ಮೂಲೆಗೆ ಕಳಿಸಿದ, ಆಮೇಲೆ ತನ್ನ ತೋಳು ಸರಿ ಮಾಡಿಕೊಂಡ, ಆಮೇಲೆ ಬಗ್ಗಿ, ಮಗುವಿಗೆ ಎಣಿಕೆ ಕಲಿಸುವವರ ಹಾಗೆ ಒಂದೊಂದೇ ಬೆರಳು ಆಡಿಸಿದ. ಗುಡುಗು ಎದ್ದ. ನಾನು ಒತ್ತಿದೆ. ರೀಲು ಮುಗಿಯಿತು. ಕಂಬಳಿ ತೆಗೆದು ಬೆಳಕಿಗೆ ಹಿಡಿದು ನೋಡಿದೆ.

ಹದಿಮೂರು.

“ಎಷ್ಟು ಭಾವ?”

ಸುಳ್ಳು ಹೇಳಲು ನಾಲಿಗೆ ಹೊರಳಿತು. ಆದರೆ ಅವನು ಆಗಲೇ ಭುಜದ ಮೇಲಿಂದ ಬಗ್ಗಿ ನೋಡಿಯಾಗಿತ್ತು. “ಹದಿಮೂರು! ಅಕ್ಕಾ, ಹದಿಮೂರು! ಮೊಳೆ ಕೀಳೋದಕ್ಕೆ ಇಕ್ಕಳ ಎಲ್ಲಿದೆ?”

“ತಡಿಯೋ,” ಎಂದೆ. “ಮೆಷಿನ್ನು ನಿಧಾನ ಓಡ್ತಿದೆ. ಸದ್ದು ಕೇಳಿದ್ಯಾ? ಎಷ್ಟು ವರ್ಷ ಮೂಲೇಲಿ ಬಿದ್ದಿತ್ತೋ. ರಬ್ಬರು ಪಟ್ಟಿ ಸಡಿಲ ಆಗಿದೆ, ಎಣ್ಣೆ ಒಣಗಿದೆ. ಓಟ ತಪ್ಪಿದ ಯಂತ್ರದಲ್ಲಿ ಕಾಲ ಅಳೆಯೋದು ನಮ್ಮ ವೃತ್ತಿಗೇ ಅವಮಾನ. ಒಂದು ವಾರ ಕೊಡು. ಶಾಸ್ತ್ರೋಕ್ತವಾಗಿ ರಿಪೇರಿ ಮಾಡಿ ತೀರ್ಪು ಕೊಡ್ತೀನಿ.”

ಭಾಮೈದ ಅಕ್ಕನ ಮುಖ ನೋಡಿದ. ಅಕ್ಕ ನನ್ನ ಮುಖ ನೋಡಿ, “ಒಂದು ವಾರ ತಾನೇ, ಕೊಡೋ ಪಾಪ” ಎಂದಳು. ಆ ‘ಪಾಪ’ದಲ್ಲಿ ಏನೋ ಇತ್ತು. ಆಗ ನನಗೆ ಹೊಳೆಯಲಿಲ್ಲ.

ಪ್ರೊಜೆಕ್ಟರನ್ನು ಅಂಗಡಿಗೆ ಹೊತ್ತುಕೊಂಡು ಹೋದೆ. ಬಿಚ್ಚಿದೆ, ತೊಳೆದೆ, ಎಣ್ಣೆ ಹಾಕಿದೆ, ಹೊಸ ಪಟ್ಟಿ ಹಾಕಿದೆ. ಓಡಿಸಿ ನೋಡಿದೆ. ಹದಿಮೂರು. ಇನ್ನೊಮ್ಮೆ ತೊಳೆದೆ. ಹದಿಮೂರು. ಮಂಗಳವಾರ ಹದಿಮೂರು, ಬುಧವಾರ ಹದಿಮೂರು, ಗುರುವಾರ ಒಂದು ಸಲ ಹದಿಮೂರೂವರೆ. ಗಿರಾಕಿಗಳು ತಂದ ವಾಚುಗಳು ಟ್ರೇನಲ್ಲಿ ಹಾಗೇ ಬಿದ್ದಿದ್ದವು. ಛತ್ರಿಯವನು, “ಏನು, ಸಿನಿಮಾ ಟಾಕೀಸು ಶುರು ಮಾಡಿದ್ರಾ?” ಎಂದು ಕೇಳಿದ. ನಾನು ಸೊಪ್ಪು ಹಾಕಲಿಲ್ಲ.

ಶುಕ್ರವಾರ ಮಧ್ಯಾಹ್ನ, ಊಟದ ಹೊತ್ತಿನಲ್ಲಿ, ಬಾಗಿಲು ಅರ್ಧ ಎಳೆದೆ. ಆ ಯಂತ್ರದ ಹಿಂದೆ ಓಟ ಹೆಚ್ಚು ಕಡಿಮೆ ಮಾಡುವ ಒಂದು ಸಣ್ಣ ತಿರುಪು ಇದೆ. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಅದನ್ನು ಒಂದು ಕೂದಲಿನಷ್ಟು ತಿರುಗಿಸಿದೆ. ಹನ್ನೆರಡು. ಇನ್ನೊಂದು ಕೂದಲು. ಹನ್ನೊಂದು. ಒಬ್ಬರಿಗೂ ಒಂದು ನಿಮಿಷ ತಪ್ಪು ಹೇಳದ ಅಂಗಡಿಯಲ್ಲಿ, ಅಪ್ಪ ಕೂತಿದ್ದ ಅದೇ ಸ್ಟೂಲಿನ ಮೇಲೆ ಕೂತು, ನಾನು ಕಾಲಕ್ಕೇ ಮೋಸ ಮಾಡುತ್ತಿದ್ದೆ. ಎದೆಯಲ್ಲಿ ಚುಚ್ಚಿದಂತಾಯಿತು, ನಿಜ. ಆದರೆ ತಿರುಗಿಸುವುದನ್ನು ನಿಲ್ಲಿಸಲಿಲ್ಲ. ಒಂಬತ್ತು ಬಂದ ಮೇಲೆ ಅದರ ಮೇಲೆ ಒಂದು ಹನಿ ಅರಗು ಹಾಕಿ ಮುಚ್ಚಿಬಿಟ್ಟೆ.

ಭಾನುವಾರ ಮತ್ತೆ ಕಂಬಳಿ, ಮತ್ತೆ ಹೊದಿಕೆ. ಈ ಸಲ ಸ್ಟಾಪ್‌ವಾಚನ್ನು ನಾನೇ ಉದಾರವಾಗಿ ಭಾಮೈದನ ಕೈಗೆ ಕೊಟ್ಟೆ. “ನೀನೇ ಒತ್ತು. ಆಮೇಲೆ ನಾನು ಮೋಸ ಮಾಡಿದೆ ಅನ್ನಬಾರದು.”

ಗುಡುಗೂ ಬಂಡೆಯೂ ಸ್ವಲ್ಪ ಜಿಗಿಜಿಗಿದು ಓಡಾಡಿದರು ಎನ್ನುವುದು ನಿಜ. ರೆಫ್ರಿ ಕಾಳು ಹೆಕ್ಕುವ ಕೋಳಿಯ ಹಾಗೆ ಬಗ್ಗಿ ಬಗ್ಗಿ ಎದ್ದ.

“ಏನು ಭಾವ, ಇವರಿಗೆಲ್ಲ ಇರುವೆ ಕಚ್ಚಿದ ಹಾಗಿದೆ?”

“ಆಗಿನ ಕಾಲದವರು ಚುರುಕು ಜಾಸ್ತಿ ಕಣೋ. ಈಗಿನವರ ಹಾಗಲ್ಲ.”

ಗುಡುಗು ಬಿದ್ದ, ಎದ್ದ. ಭಾಮೈದ ಕಿಟಕಿಯ ಕಂಬಳಿ ಸರಿಸಿ ಸ್ಟಾಪ್‌ವಾಚ್ ನೋಡಿದ. ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದ. “ಒಂಬತ್ತು,” ಎಂದ, ಹೆಚ್ಚೂಕಡಿಮೆ ಅಳುವ ಧ್ವನಿಯಲ್ಲಿ.

ಆಹಾ! ಹತ್ತೊಂಬತ್ತು ವರ್ಷದ ಬಾಯಿಗೆ ಬೀಗ! ನಾನು ಹೊದಿಕೆಯನ್ನು ಪರದೆ ಎಳೆಯುವ ಹಾಗೆ ಎಳೆದು ಪಟದ ದರ್ಶನ ಮಾಡಿಸಿದೆ. ಭಾಮೈದ ಎದ್ದು, ಪಾಪ, ಮಾತಿಗೆ ತಪ್ಪದೆ ಕೈಕಟ್ಟಿ ನಿಂತ. “ಗುಡುಗಪ್ಪಾ...” ಎಂದು ಶುರುವನ್ನೂ ಮಾಡಿದ.

“ಒಂದು ನಿಮಿಷ,” ಎಂದಳು ನನ್ನ ಹೆಂಡತಿ. ಚಹಾದ ತಟ್ಟೆ ಹಿಡಿದು ನಿಂತಿದ್ದಳು. “ರೀ, ನನಗೆ ಬಾಕ್ಸಿಂಗು ಗೊತ್ತಿಲ್ಲ. ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಒಂದು ಸುತ್ತು ಅಂದ್ರೆ ಎಷ್ಟು ಹೊತ್ತು?”

ಗೆದ್ದವನಿಗೆ ಪಾಠ ಹೇಳುವ ಹುಮ್ಮಸ್ಸು ಬರುವುದು ಸಹಜ. “ಮೂರು ನಿಮಿಷ, ಇವಳೇ. ಇಡೀ ಪ್ರಪಂಚದಲ್ಲಿ ಎಲ್ಲಿ ಹೋದ್ರೂ ಹೆವಿವೇಯ್ಟ್ ಪಂದ್ಯದ ಸುತ್ತು ಸರಿಯಾಗಿ ಮೂರು ನಿಮಿಷ. ಒಂದು ಸೆಕೆಂಡು ಆಚೆ ಇಲ್ಲ, ಈಚೆ ಇಲ್ಲ. ಗಂಟೆ ಹೊಡೆದ ಮೇಲೆ ಹೊಡೆದಾಡೋ ಹಾಗೇ ಇಲ್ಲ!”

“ಹಾಗಾದ್ರೆ ಇದು ಯಾಕೆ ಎರಡು ನಿಮಿಷಕ್ಕೇ ಮುಗೀತು?”

ಪ್ರೊಜೆಕ್ಟರಿನ ಬಿಸಿ ತಗಡು ಟಿಕ್ ಟಿಕ್ ಎನ್ನುತ್ತಿತ್ತು.

“ಎರಡು ನಿಮಿಷವಾ? ಯಾರು ಹೇಳಿದ್ದು? ನಿನ್ನ ಕೈಯಲ್ಲಿ ವಾಚೂ ಇಲ್ಲ...”

“ವಾಚು ಯಾಕ್ರೀ ಬೇಕು? ಇಪ್ಪತ್ತೆರಡು ವರ್ಷ ಕಿವಿಗೆ ಹೆಡ್‌ಫೋನ್ ಹಾಕ್ಕೊಂಡು ಮೂರು ನಿಮಿಷ, ಮೂರು ನಿಮಿಷ ಅಂತ ಎಷ್ಟು ಸಾವಿರ ಜನರ ಮಾತು ನಿಲ್ಲಿಸಿದೀನಿ. ಗಂಡ ಹೆಂಡತಿ ಜಗಳ, ಮಗು ಹುಟ್ಟಿದ ಸುದ್ದಿ, ಏನೇ ಇರಲಿ, ಮೂರು ನಿಮಿಷ ಆಗ್ತಿದ್ದ ಹಾಗೆ ನನ್ನ ಬಾಯಿ ತಾನಾಗೇ ತೆರ್ಕೊಳ್ಳುತ್ತೆ. ಈಗಲೂ ಒಲೆ ಮೇಲೆ ಮೊಟ್ಟೆ ಇಟ್ರೆ ಹಾಗೇ ತಾನೇ ಇಳಿಸೋದು. ಹೋದ ಭಾನುವಾರ ಈ ಗುಡುಗು, ಬಂಡೆ ಇಬ್ಬರೂ ಕುರ್ಚಿಗೆ ಹೋಗೋ ಹೊತ್ತಿಗೆ ನನ್ನ ಬಾಯಿ ತೆರೀತು. ಸರಿಯಾಗಿ ಮೂರು ನಿಮಿಷ. ಇವತ್ತು ಇನ್ನೂ ತೆರೆಯೋ ಯೋಚನೇನೇ ಮಾಡಿರಲಿಲ್ಲ, ಇಬ್ಬರೂ ಹೋಗಿ ಕೂತ್ಬಿಟ್ರು.”

ಭಾಮೈದ ಕಟ್ಟಿದ್ದ ಕೈ ಬಿಚ್ಚಿದ. ನಿಧಾನವಾಗಿ ಬಂದು ರೀಲು ಹಿಂದಕ್ಕೆ ಸುತ್ತಿ, ಮತ್ತೆ ಓಡಿಸಿ, ಕುರ್ಚಿಯಿಂದ ಕುರ್ಚಿಗೆ ಅಳೆದ. ಎರಡು ನಿಮಿಷ ಐದು ಸೆಕೆಂಡು. ಆಮೇಲೆ ಯಂತ್ರವನ್ನು ತಿರುಗಿಸಿ, ಬಾಯೊಳಗೆ ನೋಡುವ ಹಾಗೆ ಬಗ್ಗಿ ನೋಡಿ, ಉಗುರಿನಿಂದ ಅರಗು ಕೆರೆದ.

“ಹುಳುಕು ಸಿಕ್ತು,” ಎಂದ.

ನನ್ನ ಮುಖ ಇಂಗು ತಿಂದ ಮಂಗನಂತಾಯಿತು. ಅರವತ್ತಕ್ಕೆ ಹತ್ತಿರವಾದ ಮನುಷ್ಯ, ಊರಿಗೆಲ್ಲ ಸಮಯ ಹೇಳುವವನು, ಸ್ವಂತ ಹಾಲಿನಲ್ಲಿ ಕಳ್ಳ ಸೆಕೆಂಡುಗಳ ಸಮೇತ ಸಿಕ್ಕಿಬಿದ್ದಿದ್ದೆ. ನೆಲ ಬಾಯಿಬಿಟ್ಟಿದ್ದರೆ ಸಂತೋಷವಾಗಿ ಇಳಿದುಬಿಡುತ್ತಿದ್ದೆ.

“ಭಾವ, ನೀವಾ?” ಎಂದ ಅವನು. ನಗುತ್ತಿರಲಿಲ್ಲ. ಅದೇ ನನ್ನನ್ನು ಇನ್ನಷ್ಟು ಚುಚ್ಚಿತು.

“ನಮ್ಮಪ್ಪ ಅಳೆದಿದ್ದ ಕಣೋ,” ಎಂದೆ. ಧ್ವನಿ ನನ್ನದೇ ಎನಿಸಲಿಲ್ಲ. “ಆ ದಿನ ರೇಡಿಯೋ ಮುಂದೆ. ಗಡಿಯಾರ ಕೈಯಲ್ಲಿ ಹಿಡಿದು. ಒಂಬತ್ತು, ಸರಿಯಾಗಿ ಒಂಬತ್ತು ಅಂದ. ಅಪ್ಪ ತಪ್ಪು ಹೇಳೋನಲ್ಲ.”

“ಗಡಿಯಾರ ನೀವೂ ನೋಡಿದ್ರಾ?” ಎಂದು ಹೆಂಡತಿ ಕೇಳಿದಳು.

“ಇಲ್ಲ. ಎದ್ದ ಅಂದ ತಕ್ಷಣ ಮುಚ್ಚಳ ಮುಚ್ಚಿಬಿಟ್ಟ.”

ಹೇಳುತ್ತ ಹೇಳುತ್ತಲೇ ನನಗೆ ಹೊಳೆಯಿತು. ಸೆಕೆಂಡು ಮುಳ್ಳಿನ ಮೇಲೆ ಕಣ್ಣಿಟ್ಟು ಜೀವನ ಮಾಡಿದ ಮನುಷ್ಯನಿಗೆ ಒಂಬತ್ತು ಯಾವುದು ಹದಿಮೂರು ಯಾವುದು ಗೊತ್ತಾಗದೆ ಇರುತ್ತದೆಯೇ? ಗೊತ್ತಾಗಿತ್ತು. ಮುಂದೆ ಅಳುಮುಖ ಮಾಡಿಕೊಂಡು ನಿಂತಿದ್ದ ಹನ್ನೊಂದು ವರ್ಷದವನನ್ನು ನೋಡಿ ಮುಚ್ಚಳ ಮುಚ್ಚಿದ್ದ. ಅಂದರೆ ನಮ್ಮ ಅಂಗಡಿಯಲ್ಲಿ ತಪ್ಪು ಸಮಯ ಹೇಳಿದವನು ನಾನು ಮೊದಲಿಗನಲ್ಲ. ಇಷ್ಟು ವರ್ಷದ ಮೇಲೆ ಅಪ್ಪನ ಮೇಲೆ ಇನ್ನೂ ಒಂದಷ್ಟು ಪ್ರೀತಿ ಬಂತು, ಕಣ್ಣೂ ತೇವವಾಯಿತು. ಭಾಮೈದ ಏನೋ ಹೇಳಲು ಬಾಯಿ ತೆಗೆದ. “ಚಹಾ ಕುಡಿಯೋ, ಆರೋಗುತ್ತೆ” ಎಂದು ಅವನ ಅಕ್ಕ ಬಾಯಿ ಮುಚ್ಚಿಸಿದಳು.

ಪಟವನ್ನು ನಾನೇ ಇಳಿಸಿದೆ. ಹಿಂದಿನ ಗೋಡೆಯ ಮೇಲೆ ಮೂರಡಿಯ ಚೌಕ ಹೊಸ ಬಣ್ಣದ ಹಾಗೆ ಹೊಳೆಯುತ್ತಿತ್ತು. “ಅಟ್ಟಕ್ಕೆ ಹಾಕಬೇಡಿ ಭಾವ, ನನಗೆ ಕೊಡಿ” ಎಂದ ಭಾಮೈದ. ನನಗೆ ಆಶ್ಚರ್ಯ. “ಕ್ಲಿನಿಕ್ಕಲ್ಲಿ ಹಾಕ್ತೀನಿ. ಕಾಯೋರಿಗೆ ನೋಡೋದಕ್ಕೆ ಏನಾದ್ರೂ ಬೇಕು.” ಅದೇ ದಿನ ಮಂಚದ ಕೆಳಗಿನ ಡಬ್ಬಿ ಹೊರಗೆ ಬಂತು. ಗಡಿಯಾರ ಗೋಡೆ ಹತ್ತಿತು. ಅದಕ್ಕೆ ಮೊದಲ ಸಲ ಕೀಲಿ ಕೊಡುವ ಗೌರವವನ್ನು ನನ್ನ ಹೆಂಡತಿ ನನಗೇ ಕೊಟ್ಟಳು.

ಕಥೆ ಇಲ್ಲಿಗೆ ಮುಗಿದಿದ್ದರೆ ನನಗೆ ಒಂದಿಷ್ಟಾದರೂ ಮಾನ ಉಳಿಯುತ್ತಿತ್ತು. ಎರಡು ತಿಂಗಳಾದ ಮೇಲೆ ನನಗೆ ದವಡೆ ಹಲ್ಲು ನೋವು ಬಂತು. ಕ್ಲಿನಿಕ್ಕಿಗೆ ಹೋದೆ. ಪಟ ಹಾಕಿದ್ದು ಕಾಯುವ ಜಾಗದಲ್ಲಲ್ಲ. ಒಳಗಿನ ಕೋಣೆಯಲ್ಲಿ, ರೋಗಿ ಅಂಗಾತ ಮಲಗಿ ಬಾಯಿ ತೆರೆದರೆ ನೇರ ಎದುರಿಗೆ, ಗುಡುಗು! ಕುರ್ಚಿಯಲ್ಲಿ ಒಬ್ಬ ದಪ್ಪ ಬಸ್ ಡ್ರೈವರು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಕೂತಿದ್ದ. ನಮ್ಮ ಭಾಮೈದ ಅವನಿಗೆ ಉಪದೇಶ ಮಾಡುತ್ತಿದ್ದ:

“ನೋಡಿ ಸ್ವಾಮಿ, ಆ ಮಹಾಪುರುಷನ್ನ ನೋಡಿ. ಗಲ್ಲಕ್ಕೆ ಬಿದ್ದ ಹೊಡೆತಕ್ಕೆ ಹದಿಮೂರು ಸೆಕೆಂಡು ನೆಲದ ಮೇಲಿದ್ದ. ಆದ್ರೂ ಎದ್ದ! ರೆಫ್ರಿ ಹೇಗೆ ಎಣಿಸಿದ್ರೇನು? ರೆಫ್ರಿ ಎಣಿಸಬಹುದು, ಎಬ್ಬಿಸೋದಕ್ಕೆ ಆಗುತ್ತಾ? ಎದ್ದು ಇನ್ನೂ ಎರಡು ಸುತ್ತು ಆಡಿ ಗೆದ್ದ. ಅಂಥವನು ಇನ್ನೊಬ್ಬ ಹುಟ್ಟಲ್ಲ. ನಿಮಗೆ ಬರೀ ಒಂದು ಸೂಜಿ. ಬಾಯಿ ತೆಗೀರಿ.”

ಡ್ರೈವರು ಪಟ ನೋಡಿದ, ಊದಿದ ಕಣ್ಣು ನೋಡಿದ, ತನಗಿಂತ ಕಷ್ಟದಲ್ಲಿರುವವನೊಬ್ಬ ಸಿಕ್ಕ ಸಮಾಧಾನದಿಂದ ಬಾಯಿ ತೆಗೆದ.

ಹತ್ತೊಂಬತ್ತು ವರ್ಷ ನಾನು ಹೇಳಿದ್ದೇ ಅದು! ಆದರೆ ಅದನ್ನು ಅವನ ಬಾಯಲ್ಲಿ ಕೇಳಿ ನನಗೆ ಏನಾಯಿತೋ, ಹೊಟ್ಟೆ ಉರಿಯಿತು. ನನ್ನ ಸರದಿ ಬಂದಾಗ, ದವಡೆಯಲ್ಲಿ ಹತ್ತಿ ಇದ್ದರೂ ಸುಮ್ಮನಿರಲಾಗಲಿಲ್ಲ. “ಹತ್ತಾದ ಮೇಲೆ ಎದ್ರೆ ಅದು ಎದ್ದ ಲೆಕ್ಕ ಅಲ್ಲ ಕಣೋ. ನಿಯಮ ನಿಯಮವೇ. ಮತ್ತೆ ಆ ಎಡಗೈ ಹುಡುಗನ ಹತ್ರ ಯಾಕೆ ಹೋಗಲಿಲ್ಲ?”

“ಬೆನ್ನು ನೋವು ಭಾವ.”

“ನಾಲ್ಕು ವರ್ಷ?”

ಈಗ ಪ್ರತಿ ಭಾನುವಾರ ಹತ್ತಕ್ಕೆ ಅವನು ಬರುತ್ತಾನೆ. ಅವನು ಗುಡುಗಿನ ಪರ, ನಾನು ವಿರುದ್ಧ. ಒಸಡಿನ ವಿಷಯ ನಾನು ಎತ್ತಿದರೆ, “ಹಲ್ಲಿನ ಬಗ್ಗೆ ನಿಮಗೇನು ಗೊತ್ತು?” ಎಂದು ಅವನು ಗದರುತ್ತಾನೆ. ಇನ್ನು ಹತ್ತೊಂಬತ್ತು ವರ್ಷಕ್ಕೆ ಯೋಚನೆಯಿಲ್ಲ.

ಇಷ್ಟೆಲ್ಲ ಆದ ಮೇಲೆ ಮನೆಯಲ್ಲಿ ಒಂದು ಹೊಸ ಪದ್ಧತಿ ಶುರುವಾಗಿದೆ. ಗೋಡೆಯ ಮೇಲೆ ಗಡಿಯಾರ ಬಂದದ್ದರಿಂದ ನಾನು ಏಳುವ ಹೊತ್ತು ಎಲ್ಲರಿಗೂ ಗೊತ್ತಾಗುವಂತಾಯಿತು. (ಎಲ್ಲರಿಗೂ ಎಂದರೆ ಹೆಂಡತಿಗೆ.) ಬೆಳಿಗ್ಗೆ ಆರಕ್ಕೆ ಅದು ಹೊಡೆದ ಕೂಡಲೇ ಅವಳು ಬಂದು ಮಂಚದ ಪಕ್ಕ ನಿಂತು, ನನ್ನ ಮೇಲೆ ಬಗ್ಗಿ, ಬೆರಳು ಆಡಿಸುತ್ತ ಎಣಿಸುತ್ತಾಳೆ. “ಒಂದು... ಎರಡು...” ಹತ್ತಾದರೆ ಆ ದಿನ ಚಹಾ ಇಲ್ಲ. ನಾನು ಎಂಟರವರೆಗೆ ಮಿಸುಕುವುದಿಲ್ಲ. ಒಂಬತ್ತಕ್ಕೆ ಎದ್ದು ಕೂರುತ್ತೇನೆ. ಇದುವರೆಗೆ ಒಂದು ದಿನವೂ ಚಹಾ ತಪ್ಪಿಲ್ಲ.

ಮೊನ್ನೆ ನನಗೆ ಕುತೂಹಲವಾಯಿತು. ಅಂಗಡಿಯ ಸ್ಟಾಪ್‌ವಾಚನ್ನು ದಿಂಬಿನ ಕೆಳಗೆ ಇಟ್ಟುಕೊಂಡು ಮಲಗಿದೆ. ಅವಳು ‘ಒಂದು’ ಎನ್ನುವಾಗ ಒತ್ತಿದೆ, ‘ಒಂಬತ್ತು’ ಎಂದಾಗ ಎದ್ದು ಮತ್ತೆ ಒತ್ತಿದೆ. ಅವಳು ಕಿಟಕಿ ತೆರೆಯಲು ಆ ಕಡೆ ತಿರುಗಿದಾಗ ಕದ್ದು ನೋಡಿದೆ.

ಹದಿಮೂರು.

ವಾಚಿಲ್ಲದೆ ಮೂರು ನಿಮಿಷ ಅಳೆಯುವವಳು, ಮೊಟ್ಟೆಯನ್ನು ಒಂದು ಸೆಕೆಂಡು ಹೆಚ್ಚು ಬೇಯಿಸದವಳು. ಅವಳ ಎಣಿಕೆ ತಪ್ಪಲು ಸಾಧ್ಯವೇ ಇಲ್ಲ. ನನಗೆ ಮನಸ್ಸು ತುಂಬಿ ಬಂತು. ಸ್ಟಾಪ್‌ವಾಚನ್ನು ಮೆಲ್ಲಗೆ ದಿಂಬಿನೊಳಕ್ಕೆ ತಳ್ಳಿ, ಎದೆಯುಬ್ಬಿಸಿ, “ಇವಳೇ, ಇವತ್ತೂ ಒಂಬತ್ತಕ್ಕೇ ಎದ್ದೆ ನೋಡು!” ಎಂದೆ.

“ಹೂಂ, ಒಂಬತ್ತು. ಸರಿಯಾಗಿ ಒಂಬತ್ತು,” ಎಂದಳು, ನನ್ನ ಕಡೆ ತಿರುಗದೆ. ಅವಳ ಭುಜ ಮಾತ್ರ ನಗೆಯಿಂದ ಕುಲುಕುತ್ತಿತ್ತು.

ಬಾಗಿಲ ಹತ್ತಿರ ಹೋದವಳು ನಿಂತಳು. “ಆದ್ರೆ ರೀ, ನಿಮ್ಮ ಗುಡುಗು ಎದ್ದ ಮೇಲೆ ಎದುರಾಳೀನ ಮಲಗಿಸಿದ. ನೀವು ಎದ್ದ ಮೇಲೆ ಹಾಸಿಗೆನಾದ್ರೂ ಮಡಚಿ. ದಿಂಬಿನ ಕೆಳಗಿರೋ ವಾಚು ಕೆಳಗೆ ಬಿದ್ದೀತು, ಜೋಪಾನ.”

ಮಡಚಿದೆ.